ಕೂರಬೇಕೋ, ಇಳಿಯಬೇಕೋ

ಒಬ್ಬ ಮನುಷ್ಯ ತುಳಿಯುವ ಬಂಡಿಯಲ್ಲಿ ಇನ್ನೊಬ್ಬ ಮನುಷ್ಯ ಹಾಯಾಗಿ ಕೂರಬಹುದೇ? ನಮ್ಮ ಕಡೆಯಿಂದ ಕಾಶಿಗೆ ಬರುವವರು ಮೊದಲ ದಿನವೇ ಎತ್ತುವ ಪ್ರಶ್ನೆ ಇದು. ವಿಶ್ವನಾಥನ ದರ್ಶನ ಎಷ್ಟು ಗಂಟೆಗೆ, ದೋಣಿಯವನಿಗೆ ಎಷ್ಟು ಕೊಡಬೇಕು, ಜಂಗಮವಾಡಿ ಮಠಕ್ಕೆ ಎಷ್ಟು ದೂರ ಎಂಬ ವಿಚಾರಣೆಗಳ ನಡುವೆ, ಸೈಕಲ್ ರಿಕ್ಷಾ ಎದುರಿಗೆ ಬಂದು ನಿಂತಾಗ ಇದೂ ಬರುತ್ತದೆ. ಇಲ್ಲಿ ನೆಲೆಸಿದ ಕನ್ನಡಿಗರಿಗೆ ಉಳಿದೆಲ್ಲಕ್ಕೂ ಉತ್ತರ ಬಾಯಿಪಾಠ. ಇದೊಂದಕ್ಕೆ ಮಾತ್ರ ತಡವರಿಸುತ್ತೇವೆ.

ಬಂದವರು ತಡವರಿಸುವುದಿಲ್ಲ. ಅವರಲ್ಲಿ ಮೂರು ಪಕ್ಷಗಳಿವೆ. ಅತ್ತೆಯಂಥವರು ಹೇಳುತ್ತಾರೆ: “ಅಯ್ಯೋ, ಆ ಬಡಕಲು ಮುದುಕ ಬೆವರು ಸುರಿಸ್ಕೊಂಡು ತುಳೀತಾ ಇದ್ರೆ ನಾನು ಹಿಂದೆ ಸೆರಗು ಸರಿ ಮಾಡ್ಕೊಂಡು ಕೂತಿರ್ಲಾ? ನನ್ನ ಕೈಲಾಗಲ್ಲಪ್ಪ, ನಡ್ಕೊಂಡೇ ಬರ್ತೀನಿ.” ಮಾವನಂಥವರು: “ನೀನು ಇಳಿದ್ರೆ ಅವನ ಹೊಟ್ಟೆಗೆ ಯಾರು ಹಾಕ್ತಾರೆ? ಪಾಪ ಪಾಪ ಅಂದ್ರೆ ಹೊಟ್ಟೆ ತುಂಬುತ್ತಾ? ಹತ್ತು, ಹತ್ತು.” ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗರದು ಮೂರನೆಯ ಪಕ್ಷ: “ಇದನ್ನೆಲ್ಲ ಬ್ಯಾನ್ ಮಾಡಿ ಎಲೆಕ್ಟ್ರಿಕ್ ಮಾಡ್ಬಿಡ್ಬೇಕು. ಈ ಕಾಲದಲ್ಲೂ ಏನಿದು!” ಮೂರು ಮಾತಿನಲ್ಲೂ ಸತ್ಯವಿದೆ. ಮೂರನ್ನೂ ಸ್ವಲ್ಪ ತಿರುಗಿಸಿ ನೋಡೋಣ.

ಮೊದಲು ಅತ್ತೆಯ ಕನಿಕರ. ಅದು ಸುಳ್ಳು ಕನಿಕರವಲ್ಲ. ಆದರೆ ಅದು ಇಲ್ಲಿಗೆ ಬಂದಾಗ ಮಾತ್ರ ಯಾಕೆ ಇಷ್ಟು ಜೋರಾಗಿ ಏಳುತ್ತದೆ? ನಮ್ಮ ಊರುಗಳಲ್ಲಿ ಕುದುರೆಯ ಜಟಕಾ ಇತ್ತು, ಆಮೇಲೆ ಆಟೋ ಬಂತು. ಶಂಕರ್ ನಾಗ್ ‘ಆಟೋ ರಾಜ’ನಾದದ್ದು 1980ರಲ್ಲಿ. ಅವತ್ತಿನಿಂದ ಇವತ್ತಿನವರೆಗೂ ಆಟೋದವರು ಅವನ ಚಿತ್ರವನ್ನು ಹಿಂದೆ ಬರೆಸಿಕೊಂಡು ಓಡಾಡುತ್ತಾರೆ. ಕನ್ನಡದಲ್ಲಿ ಆಟೋ ಓಡಿಸುವವನಿಗೊಬ್ಬ ನಾಯಕನಿದ್ದಾನೆ. ಸೈಕಲ್ ರಿಕ್ಷಾ ತುಳಿಯುವವನು ನಮಗೆ ಅಪರಿಚಿತ, ಹಾಗಾಗಿ ಅವನ ಬೆನ್ನು ನೋಡಿದರೆ ಬೆಚ್ಚುತ್ತೇವೆ.

ಅದೇ ನಾವು ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಐವತ್ತು ಕೆ.ಜಿ. ಮೂಟೆಯನ್ನು ಬೆನ್ನ ಮೇಲೆ ಹೊತ್ತು ಲಾರಿಗೆ ಹಾಕುವ ಹಮಾಲರನ್ನು ನೋಡುತ್ತಲೇ ಬೆಳೆದಿದ್ದೇವೆ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಗ್ಯಾಸು ಇರುವುದು 14.2 ಕೆ.ಜಿ. ಆದರೂ ಕಬ್ಬಿಣದ ತೂಕ ಸೇರಿ ಮೂವತ್ತರ ಹತ್ತಿರ ಹೋಗುತ್ತದೆ. ಲಿಫ್ಟಿಲ್ಲದ ಮನೆಯ ಮೂರನೇ ಮಹಡಿಗೆ ಅದನ್ನು ಹೆಗಲ ಮೇಲಿಟ್ಟು ತಂದವನ ಉಸಿರಾಟ ನಮಗೆ ಕೇಳಿಸುವುದಿಲ್ಲ. ಸೀಲು ಸರಿಯಾಗಿದೆಯೋ ಇಲ್ಲವೋ ನೋಡುತ್ತೇವೆ. ಮಳೆಯಲ್ಲಿ ನೆನೆಯುತ್ತಾ ದೋಸೆ ತಂದುಕೊಟ್ಟ ಹುಡುಗನಿಗೆ ಹತ್ತು ನಿಮಿಷ ತಡವಾಯಿತೆಂದು ಸ್ಟಾರ್ ಕಡಿಮೆ ಕೊಡುತ್ತೇವೆ. ಅಲ್ಲಿ ಬೆವರು ಇಲ್ಲವೆಂದಲ್ಲ, ನಮ್ಮ ಕಣ್ಣಿನ ಮುಂದೆ ಇಲ್ಲ ಅಷ್ಟೆ.

ಸೈಕಲ್ ರಿಕ್ಷಾದ ಕಷ್ಟವೆಂದರೆ ಅದರಲ್ಲಿ ಏನನ್ನೂ ಮುಚ್ಚಿಡುವುದಕ್ಕಾಗುವುದಿಲ್ಲ. ತುಳಿಯುವವನ ಬೆನ್ನಿಗೂ ಕೂತವನ ಮೂಗಿಗೂ ಮೂರಡಿ ಅಂತರ. ಹೊಸ ತಂತ್ರಜ್ಞಾನ ನಮಗೆ ಮಾಡಿಕೊಡುವ ದೊಡ್ಡ ಉಪಕಾರಗಳಲ್ಲಿ ಒಂದು, ಈ ಮೂರಡಿಯನ್ನು ಮೂರು ಮೈಲಿ ಮಾಡುವುದು. ದುಡಿಯುವವನ ಬೆನ್ನು ಮೊಬೈಲಿನ ಪರದೆಯ ಮೇಲೆ ಒಂದು ಚುಕ್ಕೆಯಾಗಿಬಿಡುತ್ತದೆ. ಚುಕ್ಕೆಗೆ ಬೆವರು ಬರುವುದಿಲ್ಲ. ಅತ್ತೆ ಕೆಳಗಿಳಿದು ನಡೆದರೆ ಅವರ ಮನಸ್ಸಿಗೇನೋ ಸಮಾಧಾನವಾಯಿತು, ಆದರೆ ಆ ಮುದುಕನಿಗೆ ಬರಬೇಕಾಗಿದ್ದ ನಲವತ್ತು ಐವತ್ತು ರೂಪಾಯಿ ಹೋಯಿತು. ಕನಿಕರದ ಖರ್ಚನ್ನು ಕನಿಕರಪಟ್ಟವರು ಕೊಡಲಿಲ್ಲ, ಅವನೇ ಕೊಟ್ಟ.

ಹಾಗಾದರೆ ಮಾವನ ಮಾತೇ ಸರಿ ಅನ್ನೋಣವೇ? ಅಷ್ಟು ಸಲೀಸಲ್ಲ. ‘ನಾವು ಬಿಟ್ಟರೆ ಅವರು ಏನು ತಿಂತಾರೆ’ ಎನ್ನುವ ವಾದವನ್ನು ಬಹಳ ಕೆಟ್ಟ ಪದ್ಧತಿಗಳ ಪರವಾಗಿಯೂ ಹೂಡಬಹುದು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅಲ್ಲಿ ‘ಪಾಪ, ಅವರ ಜೀವನ ನಡೀಬೇಕಲ್ಲ’ ಅನ್ನುತ್ತಾ ಕೂತಿದ್ದರೆ ಅದು ಅನ್ಯಾಯಕ್ಕೆ ಕರುಣೆಯ ಅಂಗಿ ತೊಡಿಸಿದ ಹಾಗಾಗುತ್ತಿತ್ತು. ಆ ಕೆಲಸವನ್ನು ಜಾತಿ ಹೊರಿಸಿತ್ತು. ಇಳಿಸಿ ಹೋಗುತ್ತೇನೆಂದರೆ ಇಳಿಸಲು ಸಮಾಜ ಬಿಡುತ್ತಿರಲಿಲ್ಲ. ನಮ್ಮಲ್ಲಿ ಅಷ್ಟು ಮೊದಲೇ ನಿಷೇಧವಾದರೂ, ಇಡೀ ದೇಶಕ್ಕೆಂದು 1993ರಲ್ಲಿ ಒಂದು ಕಾನೂನು, ಅದು ಸಾಲದೆ 2013ರಲ್ಲಿ ಪುನರ್ವಸತಿಯನ್ನೂ ಸೇರಿಸಿದ ಇನ್ನೊಂದು ಕಾನೂನು ಬೇಕಾಯಿತು. ನಿಷೇಧವೊಂದೇ ಸಾಲದು ಎನ್ನುವುದಕ್ಕೂ ಅದೇ ಸಾಕ್ಷಿ.

ರಿಕ್ಷಾ ತುಳಿಯುವುದು ಆ ಬಗೆಯ ಕೆಲಸವೇ? ಅಲ್ಲವೆಂದು ನನಗನ್ನಿಸುತ್ತದೆ. ಗೊದೌಲಿಯಾ, ಲಂಕಾ, ಕ್ಯಾಂಟ್ ಸ್ಟೇಷನ್ನಿನ ಸುತ್ತ ರಿಕ್ಷಾ ತುಳಿಯುವ ಎಷ್ಟೋ ಜನ ಬಿಹಾರದಿಂದಲೂ ಪೂರ್ವ ಉತ್ತರ ಪ್ರದೇಶದ ಹಳ್ಳಿಗಳಿಂದಲೂ ಬಂದವರು. ಹೊಲದ ಕೆಲಸ ಇಲ್ಲದಾಗ ಬರುತ್ತಾರೆ, ದಿನಬಾಡಿಗೆಗೆ ಬಂಡಿ ಹಿಡಿಯುತ್ತಾರೆ, ನಾಲ್ಕು ಕಾಸು ಕಟ್ಟಿಕೊಂಡು ನಾಟಿಗೋ ಕೊಯ್ಲಿಗೋ ವಾಪಸ್ ಹೋಗುತ್ತಾರೆ. ಬಿಟ್ಟು ಹೋಗುವುದಕ್ಕೆ ದಾರಿಯಿದೆ. ಆದರೆ ಊರಲ್ಲಿ ಬರಿಗೈ, ಇಲ್ಲಿ ಪೆಡಲು, ಇವೆರಡರ ನಡುವಿನ ಆಯ್ಕೆಯನ್ನು ಪೂರ್ತಿ ಆಯ್ಕೆ ಅನ್ನುವುದೂ ಕಷ್ಟ. ‘ಅವನೇ ಒಪ್ಪಿ ಬಂದಿದ್ದಾನೆ’ ಎಂದು ಮಾವ ಹೇಳಿದಾಗ, ಒಪ್ಪಿಸಿದ್ದು ಯಾವುದು ಎಂದೂ ಕೇಳಬೇಕಾಗುತ್ತದೆ.

ಒಮ್ಮೆ ಭೇಲೂಪುರದ ಕಡೆ ಹೋಗುವಾಗ ಒಬ್ಬ ರಿಕ್ಷಾದವನು ನನ್ನ ಊರು ಕೇಳಿದ. ಕರ್ನಾಟಕ ಅಂದೆ. ತಿಳಿಯಲಿಲ್ಲ. ಬೆಂಗಳೂರು ಅಂದೊಡನೆ ತಿರುಗಿ ನಕ್ಕ. ಅವನ ತಮ್ಮ ಅಲ್ಲೇ ಇದ್ದಾನಂತೆ, ಕಟ್ಟಡದ ಕೆಲಸದಲ್ಲಿ. “ನಿಮ್ಮೂರಲ್ಲಿ ನಮ್ಮವರು, ನಮ್ಮೂರಲ್ಲಿ ನೀವು, ಸರಿಹೋಯ್ತು ಬಾಬೂಜಿ” ಎನ್ನುವ ಅರ್ಥದಲ್ಲಿ ಏನೋ ಅಂದ. ಸರಿಹೋಗುವುದಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಪರಊರಿನಲ್ಲಿ ಸಂಬಳಕ್ಕಿದ್ದೇನೆ, ಕೂತು ಹೋಗುತ್ತಿದ್ದೇನೆ. ಕಾಶಿಯೂ ಅವನ ಊರಲ್ಲ, ಅವನೂ ಊರು ಬಿಟ್ಟವನೇ, ತುಳಿಯುತ್ತಿದ್ದಾನೆ. ಅವನ ತಮ್ಮ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಾಳೆ ಯಾರೋ ನಿಂತು ‘ಈ ಹೊರಗಿನೋರು ಬಂದು ಬೆಂಗಳೂರು ಹಾಳಾಯ್ತು’ ಅನ್ನಬಹುದು. ಅದೂ ಒಂದು ಅಭಿಪ್ರಾಯ.

ಇನ್ನು ಹುಡುಗರ ಪಕ್ಷ: ಬ್ಯಾನ್ ಮಾಡಿ, ಮಿಷನ್ ತನ್ನಿ. ಇದು ಹೊಸ ಮಾತೇನಲ್ಲ, ಇದಕ್ಕೊಂದು ಚರಿತ್ರೆಯೇ ಇದೆ. ಪಂಜಾಬ್ ಸರ್ಕಾರ 1975ರಲ್ಲಿ ಒಂದು ಕಾಯ್ದೆ ತಂದಿತು: ಸ್ವಂತ ರಿಕ್ಷಾ ಇದ್ದವನಿಗೆ ಮಾತ್ರ ಲೈಸೆನ್ಸು. ಬಾಡಿಗೆಗೆ ಬಿಟ್ಟು ಸುಲಿಯುವ ಮಾಲೀಕರಿಂದ ಬಡವನನ್ನು ಬಿಡಿಸುವ ಒಳ್ಳೆಯ ಉದ್ದೇಶ. ಆದರೆ ಬಡವನ ಹತ್ತಿರ ರಿಕ್ಷಾ ಕೊಳ್ಳಲು ದುಡ್ಡೇ ಇಲ್ಲವಲ್ಲ! ಬಾಡಿಗೆ ಬಂಡಿಯೂ ಹೋಯಿತು, ಸ್ವಂತದ್ದೂ ಬರಲಿಲ್ಲ ಅನ್ನುವ ಸ್ಥಿತಿ. ರಿಕ್ಷಾದವರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕಾನೂನನ್ನು ಹೊಡೆದುಹಾಕಲಿಲ್ಲ, ಸುಮ್ಮನೆ ಎತ್ತಿಹಿಡಿಯಲೂ ಇಲ್ಲ. ಬ್ಯಾಂಕ್ ಸಾಲ ಕೊಟ್ಟು ತುಳಿಯುವವನೇ ಬಂಡಿಯ ಒಡೆಯನಾಗುವಂತೆ ಒಂದು ಯೋಜನೆಯನ್ನೇ ತೀರ್ಪಿನೊಳಗೆ ಸೇರಿಸಿದರು. ಕಾನೂನು ಹೇಳುವ ಸುಧಾರಣೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಯನ್ನು ಕೋರ್ಟೇ ಕೇಳಿತು.

ಕೇಳದೆ ಬಿಟ್ಟರೆ ಏನಾಗುತ್ತದೆನ್ನುವುದನ್ನು ಕೋಲ್ಕತ್ತದಲ್ಲಿ ನೋಡಬಹುದು. ಅಲ್ಲಿ ಮನುಷ್ಯ ಕೈಯಲ್ಲಿ ಎಳೆದುಕೊಂಡು ಓಡುವ ರಿಕ್ಷಾಗಳನ್ನು ನಿಲ್ಲಿಸಲು 2006ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಅದಾದ ಮೇಲೂ ವರ್ಷಗಟ್ಟಲೆ ಅವು ಓಡುತ್ತಲೇ ಇದ್ದವು, ಏಕೆಂದರೆ ಎಳೆಯುವವನಿಗೆ ಹೋಗಲು ಬೇರೆ ಜಾಗ ಇರಲಿಲ್ಲ. ಮಹಾರಾಷ್ಟ್ರದ ಮಾಥೇರಾನ್ ಬೆಟ್ಟದಲ್ಲಿ ಇದೇ ಕೈರಿಕ್ಷಾ ನಿಲ್ಲಬೇಕೆಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಗಡುವು ಕೊಟ್ಟಿತು. ಹಾಗೆ ಹೇಳುವಾಗ, ಈವರೆಗೆ ಎಳೆಯುತ್ತಿದ್ದವರಿಗೇ ಇ-ರಿಕ್ಷಾ ಸಿಗುವಂತೆ ಯೋಜನೆ ಮಾಡಿ, ದುಡ್ಡಿಲ್ಲವೆಂಬ ನೆಪ ಬೇಡ ಎಂದೂ ಹೇಳಿತು. ನಾಲ್ಕೂವರೆ ದಶಕದ ಹಿಂದಿನ ಆ ತೀರ್ಪನ್ನು ನೆನೆದೇ ಹೇಳಿತು.

ಕಾಶಿಯಲ್ಲಿ ಇ-ರಿಕ್ಷಾಕ್ಕೆ ಟೋಟೋ ಅಂತಾರೆ. 2016ರ ಮೇ 1ರಂದು ಪ್ರಧಾನಿ ಇಲ್ಲಿಗೆ ಬಂದು ಇ-ರಿಕ್ಷಾಗಳನ್ನು ಹಂಚಿದ್ದರು. ಅದಾದ ಮೇಲೆ ಬೀದಿ ತುಂಬ ಟೋಟೋ. ನಾಲ್ಕು ಜನರನ್ನು ಕೂರಿಸಿಕೊಂಡು, ಗಂಟೆಗೆ 25 ಕಿಲೋಮೀಟರ್ ಮೀರದೆ, ಹೊಗೆಯಿಲ್ಲದೆ ಸದ್ದಿಲ್ಲದೆ ಹೋಗಬೇಕಾದ ಗಾಡಿ. ನಾಲ್ಕರ ಜಾಗದಲ್ಲಿ ಆರು ಜನ ಇರುತ್ತಾರೆ, ಅದು ಬೇರೆ ಮಾತು. ಒಳ್ಳೆಯದೇ. ತುಳಿಯುವ ಕಷ್ಟ ತಪ್ಪಿತು, ಸೀಟಿಗೆ ಹತ್ತಿಪ್ಪತ್ತು ರೂಪಾಯಿಯಲ್ಲಿ ಮುದುಕಿಯರೂ ಮಕ್ಕಳೂ ಓಡಾಡುತ್ತಾರೆ. ಇದನ್ನು ಬೇಡ ಅನ್ನುವವನಿಗೆ ಬುದ್ಧಿ ಕೆಟ್ಟಿರಬೇಕು.

ಆದರೆ ಪೆಡಲು ಬಿಟ್ಟವರೆಲ್ಲ ಟೋಟೋ ಹತ್ತಿದರೇ? ಗಾಡಿಯ ಬೆಲೆ ಲಕ್ಷ ರೂಪಾಯಿಯ ಲೆಕ್ಕದ್ದು. ಲೈಸೆನ್ಸು ಬೇಕು, ರಾತ್ರಿ ಚಾರ್ಜ್ ಹಾಕಲು ಜಾಗ ಬೇಕು, ಬ್ಯಾಟರಿ ಸತ್ತಾಗ ಹೊಸದಕ್ಕೆ ಹಣ ಬೇಕು. ಸಾಲ ಹುಟ್ಟಿಸಬಲ್ಲ ಯುವಕನಿಗೆ ಇದೆಲ್ಲ ಸಾಧ್ಯ. ಫುಟ್‌ಪಾತಿನಲ್ಲೋ ಬಾಡಿಗೆ ಬಂಡಿಯ ಸೀಟಿನ ಮೇಲೋ ಮಲಗುವ ಐವತ್ತೈದರ ಮನುಷ್ಯನಿಗೆ ಯಾವ ಬ್ಯಾಂಕ್ ಸಾಲ ಕೊಡುತ್ತದೆ? ಹೀಗಾಗಿ ಇವತ್ತು ಸೈಕಲ್ ರಿಕ್ಷಾದಲ್ಲಿ ಉಳಿದವರಲ್ಲಿ ವಯಸ್ಸಾದವರೇ ಜಾಸ್ತಿ ಕಾಣುತ್ತಾರೆ. ಅತ್ತೆಯ ಕಣ್ಣಿಗೆ ‘ಬಡಕಲು ಮುದುಕ’ನೇ ಬೀಳುವುದಕ್ಕೆ ಇದೂ ಒಂದು ಕಾರಣ. ಟೋಟೋದ ಹತ್ತು ರೂಪಾಯಿ ಸೀಟಿನ ಎದುರು ಅವನ ಬಾಡಿಗೆಯೂ ಏರುವುದಿಲ್ಲ. ಇನ್ನು ಕ್ಯಾಂಟ್ ಸ್ಟೇಷನ್ನಿನಿಂದ ಗೊದೌಲಿಯಾಕ್ಕೆ ಸುಮಾರು ಕಾಲು ಕಡಿಮೆ ನಾಲ್ಕು ಕಿಲೋಮೀಟರಿನ ರೋಪ್‌ವೇಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ತಲೆಯ ಮೇಲೆ ಜನ ತೇಲಿಕೊಂಡು ಹೋಗುವಾಗ ಕೆಳಗಿನ ಟೋಟೋದವನಿಗೂ ಒಂದು ದಿನ ಇದೇ ಚಿಂತೆ ಹತ್ತಬಹುದು.

ಇದು ಕಾಶಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾಯಿತು. ಕೂಲಿಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳಿಗೆ ಅದು ದೊಡ್ಡ ಆಸರೆ. ಅದೇ ಸೆಪ್ಟೆಂಬರಿನಲ್ಲಿ, ಗಿರಾಕಿ ಕಡಿಮೆಯಾಯಿತೆಂದು ಆಟೋ, ಟ್ಯಾಕ್ಸಿಯವರು ಬೆಂಗಳೂರಿನಲ್ಲಿ ಬಂದ್ ಮಾಡಿದರು. 2025ರ ಜೂನ್‌ನಲ್ಲಿ ಬೈಕ್ ಟ್ಯಾಕ್ಸಿ ನಿಂತಾಗ ಆಟೋದವರು ಸರಿ ಅಂದರು, ಬೈಕಿನ ಹುಡುಗರು ನಮ್ಮ ಅನ್ನ ಹೋಯಿತು ಅಂದರು, ಆಫೀಸಿಗೆ ಹೋಗುವವರು ಎರಡೂ ಕಡೆ ಬೈದರು. ಇಂಥ ಸುದ್ದಿ ಬಂದಾಗ ಟೀ ಅಂಗಡಿಯಲ್ಲಿ ನಿಂತು ನಾವು ಕೊಡುವ ತೀರ್ಪಿಗೆ ಲೆಕ್ಕವಿಲ್ಲ. ಅಭಿಪ್ರಾಯಕ್ಕೆ ಟಿಕೆಟ್ಟಿಲ್ಲ ನೋಡಿ. ಅದರ ದುಡ್ಡನ್ನು ಕೊಡುವವನು ಅಲ್ಲಿ ಟೀ ಕುಡಿಯುತ್ತಾ ನಿಂತಿರುವುದಿಲ್ಲ.

ಊರು ಬಿಟ್ಟು ಇರುವವರಿಗೆ ಈ ಚಪಲ ಇನ್ನೂ ಹೆಚ್ಚು. ಪರಊರಿನ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಸುಲಭ, ಮೂರನೇ ದಿನ ರೈಲು ಹತ್ತಿದರೆ ಅಭಿಪ್ರಾಯವೂ ನಮ್ಮ ಜೊತೆಗೇ ಹೊರಟುಬಿಡುತ್ತದೆ. ಇಲ್ಲೇ ಉಳಿದವರು ಮರುದಿನ ಬೆಳಿಗ್ಗೆ ಅದೇ ರಿಕ್ಷಾದವನ ಮುಖ ನೋಡಬೇಕು. ಹಾಗೆ ನೋಡುತ್ತಾ ನೋಡುತ್ತಾ ನನಗೆ ಕಂಡುಕೊಂಡದ್ದು ಇಷ್ಟು: ಕೂರಬೇಕು. ಹತ್ತುವ ಮೊದಲೇ ಬಾಡಿಗೆ ಮಾತಾಡಬೇಕು, ಇಳಿದ ಮೇಲೆ ಹತ್ತು ರೂಪಾಯಿಗೆ ಜಗಳ ತೆಗೆಯಬಾರದು. ಇಬ್ಬರ ಸೀಟಿನಲ್ಲಿ ಮೂವರು ತುರುಕಿಕೊಳ್ಳಬಾರದು. ಚೌಕದ ಕಡೆ ಏರು ಬಂದಾಗ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು, ಅದಕ್ಕೆ ಬಾಡಿಗೆ ಮುರಿಯಬಾರದು. ಇದರಿಂದ ಅವನ ಬಡತನ ನೀಗುವುದಿಲ್ಲ. ಆದರೆ ಅವನು ಮಾಡುವುದು ಕೆಲಸ, ನಾವು ಕೊಡುವುದು ಕೂಲಿ, ಭಿಕ್ಷೆಯಲ್ಲ ಎಂಬುದು ಇಬ್ಬರಿಗೂ ಸ್ಪಷ್ಟವಾಗಿರುತ್ತದೆ.

ಹಾಗೆಂದು ಪೆಡಲು ತುಳಿಯುವುದು ಯಾವತ್ತೂ ಉಳಿಯಲಿ ಅಂತಲ್ಲ. ಅವನ ಮಗ ತುಳಿಯಬೇಕಾಗಿ ಬರಬಾರದು. ಬಂಡಿ ಹೋಗಲಿ, ಬಂಡಿಯ ಜೊತೆಗೆ ಮನುಷ್ಯನೂ ಹೋಗಿಬಿಡಬಾರದು ಅಷ್ಟೆ. ಹೊಸ ವಾಹನ, ಹೊಸ ಆ್ಯಪು, ಹೊಸ ನಿಯಮ ಬಂತೆಂದು ಪತ್ರಿಕೆಯಲ್ಲಿ ಓದಿದಾಗ, ಹಳೆಯದನ್ನು ಓಡಿಸುತ್ತಿದ್ದವನಿಗೆ ಏನು ಏರ್ಪಾಡು ಎಂಬ ಒಂದು ಸಾಲು ಅದರಲ್ಲಿ ಎಲ್ಲಾದರೂ ಇದೆಯೇ ಎಂದು ನಾನೀಗ ಹುಡುಕುತ್ತೇನೆ. ಆ ಸಾಲು ಸಿಕ್ಕರೆ ಹುಡುಗರ ಪಕ್ಷಕ್ಕೆ ನನ್ನ ಓಟು. ಸಿಗದಿದ್ದರೆ, ಸುದ್ದಿ ಎಷ್ಟೇ ಚೆನ್ನಾಗಿರಲಿ, ಅಭಿಪ್ರಾಯ ಹೇಳಲು ಸ್ವಲ್ಪ ತಡೆಯುತ್ತೇನೆ.