ಕೊಡುವ ಸೇರು, ಕೊಳ್ಳುವ ಸೇರು

ಒಂದೇ ಒಲೆಯ ಮೇಲೆ ಇಬ್ಬರಿಗೆ ಅಡುಗೆಯಾದರೆ ಖರ್ಚು ಇಮ್ಮಡಿಯಾಗುವುದಿಲ್ಲ. ಬಾಡಿಗೆ, ದೀಪ, ಉರುವಲು ಇಬ್ಬರ ನಡುವೆ ಹಂಚಿಹೋಗುತ್ತವೆ. ಸಂಸಾರ ನಡೆಸಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಬಡವರಿಗೆ ಸಹಾಯಧನ ಕೊಡುವ ಸರಕಾರಗಳೂ ಇದೇ ಲೆಕ್ಕ ಹಿಡಿದು ಒಬ್ಬಂಟಿಗೆ ಇಷ್ಟು, ಜೋಡಿಗೆ ಇಷ್ಟು ಎಂದು ನಿಗದಿ ಮಾಡುತ್ತವೆ. ಮೇಲ್ನೋಟಕ್ಕೆ ಇದರಲ್ಲಿ ಅನ್ಯಾಯವೇನೂ ಕಾಣದು. ಆದರೆ ಆ ಜೋಡಿಯಲ್ಲಿ ಒಬ್ಬರು ಅಂಗವಿಕಲರಾಗಿದ್ದರೆ? ಪ್ರೀತಿಸಿದ ಜೀವ ಹೊಸಿಲು ದಾಟಿ ಒಳಗೆ ಬಂದ ದಿನದಿಂದಲೇ ಅವರಿಗೆ ಸಿಗುತ್ತಿದ್ದ ನೆರವು ಕರಗತೊಡಗಿದರೆ? ಬ್ರಿಟನ್ನಿನಲ್ಲಿ ಸಾವಿರಾರು ಅಂಗವಿಕಲರು ಮದುವೆಯ ಮಾತು ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಅಲ್ಲಿನ ಕಾನೂನನ್ನು ತುಸು ಬಿಡಿಸಿ ನೋಡಿದರೆ ನಮಗೂ ಯೋಚಿಸಲು ಬೇಕಾದಷ್ಟಿದೆ.

ಅಲ್ಲಿ ಅಂಗವಿಕಲರಿಗೆ ಮುಖ್ಯವಾಗಿ ಎರಡು ಬಗೆಯ ನೆರವು ಸಿಗುತ್ತದೆ. 2013ರಲ್ಲಿ ಆರಂಭವಾದ ‘ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್’ ವೈಕಲ್ಯದಿಂದಾಗುವ ಹೆಚ್ಚಿನ ಖರ್ಚಿಗೆಂದು ಕೊಡುವ ಹಣ. ಇದಕ್ಕೆ ಆದಾಯದ ಮಿತಿಯಿಲ್ಲ. ಮನೆಗೆ ಯಾರು ಬಂದರೂ ಒಂದು ಪೆನ್ನಿಯೂ ಕಡಿಮೆಯಾಗದು. ಇನ್ನೊಂದು ‘ಯೂನಿವರ್ಸಲ್ ಕ್ರೆಡಿಟ್’. ಊಟ, ಬಟ್ಟೆ, ಮನೆ ಬಾಡಿಗೆ, ದುಡಿಯಲಾರದವರಿಗೆ ಸೇರಿಸುವ ಹೆಚ್ಚುವರಿ ಮೊತ್ತ ಎಲ್ಲವೂ ಇದರೊಳಗೆ ಬರುತ್ತವೆ. ಇದನ್ನು ಕೊಡುವುದು ಆದಾಯ ಮತ್ತು ಉಳಿತಾಯ ನೋಡಿ. ಸಂಗಾತಿ ಜತೆಗಿರಲು ಬಂದರೆ ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬೇಕು. ಮದುವೆಯೇ ಆಗಿರಬೇಕೆಂದಿಲ್ಲ; ಗಂಡಹೆಂಡಿರಂತೆ ಬಾಳುತ್ತಿದ್ದರೆ ಸಾಕು. ಸಂಗತಿಯನ್ನು ತಿಳಿಸದೆ ಉಳಿದರೆ ಪಡೆದ ಹಣವನ್ನು ಹಿಂತಿರುಗಿಸಬೇಕಾಗುತ್ತದೆ, ಮೋಸವೆಂದು ಮೊಕದ್ದಮೆಯೂ ಆಗಬಹುದು.

2024-25ರ ದರದಲ್ಲಿ ಲೆಕ್ಕ ಹಾಕೋಣ. 25 ವರ್ಷ ದಾಟಿದ ಒಬ್ಬಂಟಿಗೆ ತಿಂಗಳಿಗೆ 393.45 ಪೌಂಡ್, ಜೋಡಿಗೆ 617.60 ಪೌಂಡ್. ಕಾಯಿಲೆ ಅಥವಾ ವೈಕಲ್ಯದಿಂದ ದುಡಿಯಲಾರದವರಿಗೆ ಇದರ ಮೇಲೆ 416.19 ಪೌಂಡ್. ಅಂದರೆ ದುಡಿಯಲಾರದ ಒಬ್ಬ ವ್ಯಕ್ತಿಗೆ ಬಾಡಿಗೆಯ ನೆರವಿನ ಹೊರತಾಗಿ 809.64 ಪೌಂಡ್ ಬರುತ್ತಿತ್ತು. ತಿಂಗಳಿಗೆ 1,600 ಪೌಂಡ್ ಕೈಗೆ ಬರುವ ಕೆಲಸದಲ್ಲಿರುವ ಹೆಣ್ಣೊಬ್ಬಳು ಅವನ ಮನೆಗೆ ಬಂದಳೆನ್ನಿ. ಆಕೆಯ ಸಂಬಳದ ಮೊದಲ 404 ಪೌಂಡನ್ನು ಬಿಟ್ಟು, ಮಿಕ್ಕ ಪ್ರತಿ ಪೌಂಡಿಗೆ 55 ಪೆನ್ನಿಯಂತೆ 657.80 ಪೌಂಡ್ ಕಡಿತವಾಗುತ್ತದೆ. ಉಳಿಯುವುದು ಇಬ್ಬರ ಹೆಸರಿನಲ್ಲಿ 375.99 ಪೌಂಡ್. ಆಕೆಯ ಬಳಿ 16,000 ಪೌಂಡಿಗಿಂತ ಹೆಚ್ಚು ಉಳಿತಾಯವಿದ್ದರೆ ಅದೂ ಇಲ್ಲ. ಬಾಡಿಗೆಯ ನೆರವೂ ನಿಂತುಹೋಗುತ್ತದೆ. ಈ 16,000ದ ಮಿತಿ ಒಬ್ಬರಿಗೂ ಅಷ್ಟೇ, ಇಬ್ಬರಿಗೂ ಅಷ್ಟೇ. ದರಗಳು ವರ್ಷ ವರ್ಷ ಬದಲಾಗುತ್ತವೆ, ಲೆಕ್ಕದ ರೀತಿ ಮಾತ್ರ ಇದೇ.

ಸರಕಾರದ ವಾದವನ್ನು ತಳ್ಳಿಹಾಕುವ ಮೊದಲು ಅದನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಬಂದಾಕೆ ತನ್ನ ಹಳೆಯ ಮನೆಯ ಬಾಡಿಗೆ ಉಳಿಸುತ್ತಾಳೆ. ದುಡಿಯುವ ಸಂಗಾತಿ ಇರುವಾಗ ನೆರೆಹೊರೆಯ ಬಡ ಕೂಲಿಕಾರ ಕಟ್ಟಿದ ತೆರಿಗೆಯಿಂದ ಈ ಮನೆಗೇಕೆ ಕೊಡಬೇಕು? ಮದುವೆಯಾದವರಿಗೆ ಕಡಿಮೆ, ಮದುವೆಯಾಗದೆ ಕೂಡಿ ಬಾಳುವವರಿಗೆ ಹೆಚ್ಚು ಕೊಟ್ಟರೆ ಅದು ಯಾವ ನ್ಯಾಯ? ಈ ಮಾತುಗಳಲ್ಲಿ ತಿರುಳಿದೆ. ಮನೆಯವರು ಮನೆಯವರನ್ನು ನೋಡಿಕೊಳ್ಳಬೇಕೆಂಬುದನ್ನು ನಮ್ಮ ಯಾವ ಧರ್ಮವೂ ಅಲ್ಲಗಳೆಯುವುದಿಲ್ಲ.

ಆದರೂ ಇಲ್ಲೊಂದು ಗೊಂದಲವಿದೆ. ಅನ್ನವನ್ನು ಹಂಚಿಕೊಳ್ಳಬಹುದು, ಕುರುಡುತನವನ್ನು ಹಂಚಿಕೊಳ್ಳಲಾಗದು. ಇಬ್ಬರಿಗೆ ಒಂದೇ ಒಲೆ ಸಾಕು, ನಡೆಯಲಾರದ ಇಬ್ಬರಿಗೆ ಒಂದೇ ಗಾಲಿಕುರ್ಚಿ ಸಾಲದು. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಗಂಡಹೆಂಡತಿ ಇಬ್ಬರೂ ದುಡಿಯಲಾರದ ಸ್ಥಿತಿಯಲ್ಲಿದ್ದರೂ ಆ ಹೆಚ್ಚುವರಿ ಮೊತ್ತ ಸಿಗುವುದು ಒಬ್ಬರ ಪಾಲಿನದು ಮಾತ್ರ. ಇಬ್ಬರೂ ಬೇರೆ ಬೇರೆ ಮನೆಯಲ್ಲಿದ್ದರೆ ಸರಕಾರ ಎರಡು ಪಾಲು ಕೊಡುತ್ತದೆ, ಎರಡು ಮನೆಗಳ ಬಾಡಿಗೆಗೂ ನೆರವಾಗುತ್ತದೆ. ಒಬ್ಬರಿಗೊಬ್ಬರು ಆಸರೆಯಾಗಿ ಬಾಳುತ್ತೇವೆಂದರೆ ಅದನ್ನು ಕಿತ್ತುಕೊಳ್ಳುತ್ತದೆ.

ಇನ್ನೊಂದು ಮಾತು. ಕತೆ ಬರೆಯುವ ನಮ್ಮಂಥವರಿಗೆ ಮನೆಗೆ ಎಷ್ಟು ಹಣ ಬಂತೆಂಬುದಕ್ಕಿಂತ ಅದು ಯಾರ ಕೈಗೆ ಬಂತು ಎಂಬುದೇ ಮುಖ್ಯವಾಗಿ ಕಾಣುತ್ತದೆ. ಜೋಡಿಯ ಹಣ ಸಾಮಾನ್ಯವಾಗಿ ಒಂದೇ ಖಾತೆಗೆ ಒಟ್ಟಾಗಿ ಹೋಗುತ್ತದೆ. ನಿನ್ನೆಯವರೆಗೆ ತನ್ನ ಹೆಸರಿನ ಹಣದಲ್ಲಿ ಬದುಕುತ್ತಿದ್ದವನು ಇಂದು ಔಷಧಿಗೂ ಬಸ್ಸಿಗೂ ಸಂಗಾತಿಯ ಮುಖ ನೋಡಬೇಕು. ಸಂಗಾತಿ ಒಳ್ಳೆಯವಳಾದರೆ ಸಂಕೋಚ ಮಾತ್ರ. ಕೆಟ್ಟವನ ಕೈಗೆ ಸಿಕ್ಕ ಅಂಗವಿಕಲ ಹೆಣ್ಣಿನ ಪಾಡೇನು? ಬಿಟ್ಟುಹೋಗಲು ಹಣ ಬೇಕು, ಹಣ ಅವನ ಬಳಿ ಇದೆ. ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಹೆಂಡತಿಯ ಪೋಷಣೆ ಗಂಡನ ಹೊಣೆ. ಹಾಗಿದ್ದೂ ಆಕೆಯ ಸ್ವತ್ತು ಆಕೆಯದೇ, ಝಕಾತಿನ ಲೆಕ್ಕವೂ ಒಬ್ಬೊಬ್ಬರ ಸ್ವತ್ತಿನ ಮೇಲೆ ಬೇರೆ ಬೇರೆ. ಹೊಣೆ ಹೊರುವವರಿದ್ದಾರೆಂಬ ಕಾರಣಕ್ಕೆ ಇನ್ನೊಬ್ಬರ ಹಕ್ ಅಳಿಯುವುದಿಲ್ಲ ಎಂಬ ತಿಳಿವಳಿಕೆ ಇದರ ಹಿಂದಿದೆ.

ಇನ್ನು, ಯಾರು ಜೋಡಿ ಎಂದು ತೀರ್ಮಾನಿಸುವ ಬಗೆ. 1982ರ ಕ್ರೇಕ್ ಪ್ರಕರಣದ ನಂತರ ಅಲ್ಲಿ ಆರು ಗುರುತುಗಳನ್ನು ನೋಡುತ್ತಾರೆ: ಒಂದೇ ಮನೆವಾರ್ತೆ, ಸಂಬಂಧದ ಸ್ಥಿರತೆ, ಹಣಕಾಸು, ದೈಹಿಕ ಸಂಬಂಧ, ಮಕ್ಕಳು, ಸಮಾಜದ ಮುಂದೆ ತೋರಿಸಿಕೊಳ್ಳುವ ರೀತಿ. ಅಧಿಕಾರಿ ಹೀಗೆ ಮನೆಯೊಳಗೆ ಇಣುಕುವಾಗ ಹಾಸಿಗೆಯೂ ಲೆಕ್ಕಕ್ಕೆ ಬರುತ್ತದೆ. ಬಾಡಿಗೆಯ ನೆರವಿನಲ್ಲಿ ಇದು ಎಲ್ಲಿಗೆ ಹೋಯಿತೆಂಬುದಕ್ಕೆ ಕಾರ್ಮೈಕಲ್ ದಂಪತಿಯ ಪ್ರಕರಣ ಸಾಕ್ಷಿ. 2013ರಿಂದ ಸರಕಾರಿ ಬಾಡಿಗೆ ಮನೆಗಳಲ್ಲಿ ‘ಹೆಚ್ಚಿನ’ ಕೋಣೆಯೊಂದಿದ್ದರೆ ನೆರವಿನಲ್ಲಿ ಬಾಡಿಗೆಯ ಶೇ. 14ರಷ್ಟು ಕಡಿತ ಜಾರಿಗೆ ಬಂತು. ಜೋಡಿಗೆ ಒಂದೇ ಕೋಣೆ ಎಂಬುದು ನಿಯಮ. ಹೆಂಡತಿಗೆ ಬೆನ್ನುಹುರಿಯ ವೈಕಲ್ಯ. ಅವರ ವಿಶೇಷ ಮಂಚ, ಸಲಕರಣೆಗಳ ನಡುವೆ ಗಂಡನಿಗೆ ಮಲಗಲು ಜಾಗವಿರಲಿಲ್ಲ. ಅವರು ಇನ್ನೊಂದು ಕೋಣೆಯಲ್ಲಿ ಮಲಗಿದ್ದಕ್ಕೆ ನೆರವು ಕಡಿತವಾಯಿತು. 2016ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಅವರು ಗೆದ್ದರು, 2017ರಲ್ಲಿ ನಿಯಮ ತಿದ್ದಲಾಯಿತು.

ಇಷ್ಟಾದರೂ, ಸರಕಾರ ಒಂದೇ ಸೇರಿನಲ್ಲಿ ಅಳೆದಿದ್ದರೆ ನಮ್ಮ ತಕರಾರು ಅರ್ಧ ಕಡಿಮೆಯಾಗುತ್ತಿತ್ತು. ಹಾಗಾಗಲಿಲ್ಲ. ಉತ್ತರ ಐರ್ಲೆಂಡಿನ ಷಿವಾನ್ ಮೆಕ್‌ಲಾಕ್ಲಿನ್ 23 ವರ್ಷ ಸಂಗಾತಿಯೊಡನೆ ಮದುವೆಯಿಲ್ಲದೆ ಬಾಳಿದವರು, ನಾಲ್ಕು ಮಕ್ಕಳ ತಾಯಿ. 2014ರಲ್ಲಿ ಸಂಗಾತಿ ತೀರಿಕೊಂಡಾಗ ವೈಧವ್ಯದ ಭತ್ಯೆ ಕೇಳಿದರೆ, ನೀವು ಮದುವೆಯಾಗಿರಲಿಲ್ಲ ಎಂಬ ಉತ್ತರ ಬಂತು. 2018ರಲ್ಲಿ ಸುಪ್ರೀಂ ಕೋರ್ಟ್ ಇದು ಮಾನವ ಹಕ್ಕುಗಳಿಗೆ ಸಲ್ಲದೆಂದಿತು. 2023ರಲ್ಲಿ ಕಾನೂನು ಬದಲಾಯಿತು, ಅದೂ ಮಕ್ಕಳಿರುವವರಿಗೆ ಮಾತ್ರ. ಮದುವೆ ನೋಂದಾಯಿಸದ, ಮಕ್ಕಳಿಲ್ಲದ ಸಂಗಾತಿಗೆ ಇಂದಿಗೂ ಆ ಭತ್ಯೆಯಿಲ್ಲ.

ಇದರ ಬಿಸಿ ಅಲ್ಲಿನ ಮುಸ್ಲಿಮರಿಗೂ ತಟ್ಟುತ್ತದೆ. ಸರಕಾರಿ ನೋಂದಣಿ ಮಾಡಿಸದೆ ಬರೀ ನಿಕಾಹ್ ಮಾಡಿಕೊಂಡ ದಂಪತಿಗಳು ಅಲ್ಲಿ ಬಹಳ ಮಂದಿ. ಇಂಗ್ಲೆಂಡಿನಲ್ಲಿ ನಡೆದ ಅಂಥ ನಿಕಾಹ್ ಕಾನೂನಿನ ಕಣ್ಣಿಗೆ ಅನೂರ್ಜಿತ ಮದುವೆ ಕೂಡ ಅಲ್ಲ, ಅದು ಮದುವೆಯೇ ಅಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಹೇಳಿತು. ಸಹಾಯಧನ ಕಡಿತ ಮಾಡುವಾಗ ಮಾತ್ರ ಅದೇ ದಂಪತಿ ಜೋಡಿ. ಕಸಿಯುವಾಗ ಸಂಸಾರ ಕಾಣುವ ಕಣ್ಣಿಗೆ ಕೊಡುವಾಗ ಅದು ಕಾಣುವುದಿಲ್ಲ. ಸಂತೆಯಲ್ಲಿ ಹೀಗೆ ಎರಡು ಸೇರು ಇಟ್ಟುಕೊಂಡ ವ್ಯಾಪಾರಿಯನ್ನು ನಾವು ಏನೆಂದು ಕರೆಯುತ್ತೇವೆ?

ಅಮೆರಿಕದಲ್ಲೂ ಕತೆ ಬೇರೆಯಲ್ಲ. ಬಡ ಅಂಗವಿಕಲರಿಗೆ, ವೃದ್ಧರಿಗೆ ಕೊಡುವ ‘ಎಸ್‌ಎಸ್‌ಐ’ ನೆರವು 2025ರಲ್ಲಿ ಒಬ್ಬರಿಗೆ 967 ಡಾಲರ್, ದಂಪತಿಗೆ 1,450. ಉಳಿತಾಯದ ಮಿತಿ ಒಬ್ಬರಿಗೆ 2,000, ದಂಪತಿಗೆ 3,000 ಡಾಲರ್. 1989ರಿಂದ ಅದು ಅಲ್ಲೇ ನಿಂತಿದೆ. ಮದುವೆಯಾಗದಿದ್ದರೂ ಊರ ಮುಂದೆ ಗಂಡಹೆಂಡಿರೆಂದು ಹೇಳಿಕೊಂಡರೆ ದಂಪತಿಯೆಂದೇ ಲೆಕ್ಕ.

ನಮ್ಮಲ್ಲಿ ಮೊತ್ತ ಬಲು ಸಣ್ಣದು, ತರ್ಕ ಮಾತ್ರ ಹಳೆಯ ಪರಿಚಯದ್ದೇ. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಶೇ. 80ರಷ್ಟು ವೈಕಲ್ಯವಿದ್ದರಷ್ಟೇ ಸಾಲದು, ಕುಟುಂಬ ಬಡತನದ ರೇಖೆಯ ಕೆಳಗಿರಬೇಕು. ವಿಧವೆ ಮರುಮದುವೆಯಾದರೆ ಆಕೆಯ ಪಿಂಚಣಿ ನಿಲ್ಲುತ್ತದೆ. ಇಲ್ಲೂ ಕಾಗದದ ಮೇಲಿರುವುದು ಕುಟುಂಬ, ಅದರೊಳಗಿನ ವ್ಯಕ್ತಿಯಲ್ಲ.

ಭಾರತ 2007ರಲ್ಲಿ, ಬ್ರಿಟನ್ 2009ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಪ್ಪಂದದ 23ನೇ ವಿಧಿ ಮದುವೆ, ಸಂಸಾರದ ವಿಷಯದಲ್ಲಿ ಅಂಗವಿಕಲರಿಗೆ ತಾರತಮ್ಯ ಆಗಕೂಡದೆನ್ನುತ್ತದೆ. ಅದನ್ನು ಪಾಲಿಸಲು ದೊಡ್ಡ ಕ್ರಾಂತಿ ಬೇಕಿಲ್ಲ. ಅನ್ನ, ಬಾಡಿಗೆಯ ಲೆಕ್ಕ ಮನೆಯ ಮೇಲಿರಲಿ, ವೈಕಲ್ಯದ ಲೆಕ್ಕ ವ್ಯಕ್ತಿಯ ಮೇಲಿರಲಿ, ಆ ಹಣ ಆಯಾ ವ್ಯಕ್ತಿಯ ಕೈಗೇ ಹೋಗಲಿ. ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್‌ನಲ್ಲಿ ಬ್ರಿಟನ್ ಇದನ್ನು ಈಗಾಗಲೇ ಒಪ್ಪಿಕೊಂಡಿದೆ. ಉಳಿದ ನೆರವಿಗೆ ವಿಸ್ತರಿಸುವುದಷ್ಟೇ ಬಾಕಿ. ಅಲ್ಲಿಯವರೆಗೆ ಕೂಡಿ ಬಾಳಬೇಕಾದ ಎಷ್ಟೋ ಮಂದಿ ಊರಿನ ಎರಡು ತುದಿಗಳಲ್ಲಿ ಎರಡು ದೀಪ ಹಚ್ಚಿಕೊಂಡು ಇರಬೇಕಾಗುತ್ತದೆ. ಆ ಎರಡು ದೀಪಗಳ ಖರ್ಚನ್ನು ಸರಕಾರವೇ ಭರಿಸುತ್ತದೆ ಎಂಬುದನ್ನು ಲೆಕ್ಕ ಹಾಕುವವರಾದರೂ ಗಮನಿಸಬೇಕಿತ್ತು.