ಮಂಡಿ ಕಲಿಸುವ ಥಾಯ್

ಥಾಯ್ ಭಾಷೆ ಕಲಿಸುವ ಪುಸ್ತಕಗಳು ನಮಸ್ಕಾರ, ಬೆಲೆ ಎಷ್ಟು, ಖಾರ ಬೇಡ ಎಂದು ಶುರುವಾಗುತ್ತವೆ. ಧ್ಯಾನದ ಬಾಗಿಲಿನಿಂದ ಒಳಬರುವವರ ಮೊದಲ ಪಾಠ ಬೇರೆ. ಬ್ಯಾಂಕಾಕಿನ ವಾಟ್ ಮಹಾಥಾಟ್‌ನಂಥ ವಿಹಾರಗಳಲ್ಲಿ ಬರ್ಮಾದ ಮಹಾಸಿ ಸಯಾಡೋ ಅವರ ಪದ್ಧತಿ ಹೇಳಿಕೊಡುತ್ತಾರೆ. ನಡೆಯುವಾಗ ಎಡಗಾಲು ಇಟ್ಟರೆ ‘ಸಾಯ್ ಯಾಂಗ್ ನೋ’, ಬಲಗಾಲಿಗೆ ‘ಖ್ವಾ ಯಾಂಗ್ ನೋ’ ಎಂದು ಮನಸ್ಸಿನಲ್ಲೇ ಹೆಸರಿಡಬೇಕು; ‘ನೋ’ ಬರೀ ಗಮನಿಸಿದ ಗುರುತು. ಕುಳಿತಾಗ ಹೊಟ್ಟೆ ಉಬ್ಬಿದರೆ ‘ಫೋಂಗ್ ನೋ’, ಇಳಿದರೆ ‘ಯುಪ್ ನೋ’. ಎಡ, ಬಲ, ಹೆಜ್ಜೆ, ಉಬ್ಬು, ಇಳಿತ ಎಲ್ಲ ಬಂದವು, ನಿಘಂಟು ತೆರೆಯಲೇ ಇಲ್ಲ. (ಕನ್ನಡದ ಕಿವಿಗೆ ಮಾತ್ರ ಪ್ರತಿ ಎಡಹೆಜ್ಜೆಗೂ ಯಾರೋ ‘ಸಾಯ್’ ಎಂದು ಶಪಿಸಿದ ಹಾಗೆ. ಮರಣಸ್ಮರಣೆಯೂ ಬೌದ್ಧ ಸಾಧನೆಯೇ ಆದ್ದರಿಂದ ತಕರಾರು ಬೇಡ.)

ಹೀಗೆ ಕಲಿತ ಶಬ್ದ ಕನ್ನಡವನ್ನು ಸುತ್ತಿಕೊಂಡು ಬರುವುದಿಲ್ಲ. ‘ಖ್ವಾ’ ಅಂದರೆ ನೆಲ ತಾಗಿದ ಈ ಪಾದ, ಅಷ್ಟೇ. ಆದರೆ ಗಮನ ಬಲಿತಂತೆ ಹೆಸರು ಉದುರಿ ಚಲನೆಯೊಂದೇ ಉಳಿಯಬೇಕು ಎನ್ನುತ್ತದೆ ಸಾಧನೆ. ಹಾಗಾದರೆ ಇಷ್ಟು ಕಷ್ಟಪಟ್ಟು ಶಬ್ದ ಕಲಿಯುವುದು ಕಳೆದುಕೊಳ್ಳುವುದಕ್ಕೋ?

ಕಷ್ಟವೇನೂ ಸಣ್ಣದಲ್ಲ. ಥಾಯ್‌ನಲ್ಲಿ ದನಿಯ ಏರಿಳಿತ ಐದು ಬಗೆ. ಉಸಿರು ಒಳಗೆ ಬರುವುದು ‘ಹಾಯ್ ಚೈ ಖಾವ್’. ಆ ‘ಖಾವ್’ ಮೇಲಿಂದ ಕೆಳಗೆ ಜಾರಬೇಕು. ದನಿ ಕೆಳಗೇ ಉಳಿಯಿತೋ, ಅದು ಮಂಡಿ. ಕಾಲು ಮಡಚಿ ಅರ್ಧ ಗಂಟೆ ಕೂತವರಿಗೆ ಉಸಿರಿಗಿಂತ ಮಂಡಿಯೇ ಹೆಚ್ಚು ನಿಜ. ಆಗ ಮನಸ್ಸಿನಲ್ಲಿ ‘ಪುವತ್ ನೋ’, ನೋವು, ನೋವು.

ನಮಗೆ ಇನ್ನೊಂದು ಬಲೆಯಿದೆ, ಅದು ಪರಿಚಯದ್ದು. ಸುಕ್, ಥುಕ್, ಚಿತ್ ಎಂದಾಗ ಸುಖ, ದುಃಖ, ಚಿತ್ತ ತಾನೇ ಎಂದು ನೆಮ್ಮದಿಯಾಗುತ್ತೇವೆ. ‘ಥುಕ್’ ಬರೆಯುವಾಗ ಕೊನೆಗೊಂದು ಖಕಾರವಿದೆ, ಉಚ್ಚರಿಸಬೇಡ ಎಂಬ ಗುರುತು ಅದರ ತಲೆಯ ಮೇಲಿದೆ. ಇದು ನಿರುಪದ್ರವಿ. ‘ಛಾತ್’ ಹಾಗಲ್ಲ. ನಮ್ಮ ‘ಜಾತಿ’ ಅಲ್ಲಿ ರಾಷ್ಟ್ರವೂ ಹೌದು, ಜನ್ಮವೂ ಹೌದು. ಛೈಯಾದಲ್ಲಿ 1932ರಲ್ಲಿ ಸುವಾನ್ ಮೋಕ್ ಆಶ್ರಮ ಕಟ್ಟಿದ ಬುದ್ಧದಾಸ ಭಿಕ್ಖು ‘ಫಾಸಾ ಖೊನ್’, ‘ಫಾಸಾ ಥಮ್’ ಎಂದು ಜನರ ಭಾಷೆಯನ್ನೂ ಧರ್ಮದ ಭಾಷೆಯನ್ನೂ ಬೇರೆ ಮಾಡಿದರು. ಜನರ ಭಾಷೆಯಲ್ಲಿ ಛಾತ್ ಎಂದರೆ ತಾಯಿಯ ಹೊಟ್ಟೆಯಿಂದ ಬರುವುದು. ಧರ್ಮದ ಭಾಷೆಯಲ್ಲಿ ‘ನಾನು, ನನ್ನದು’ ಎಂಬುದು ಮನಸ್ಸಿನಲ್ಲಿ ಎದ್ದಾಗಲೆಲ್ಲ ಒಂದು ಹುಟ್ಟು. ಜನರು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ ಎಂಬುದು ಅವರ ಚಿಂತೆ. ಧ್ಯಾನದಿಂದ ಥಾಯ್ ಕಲಿಯುವವರದು ತಲೆಕೆಳಗಾದ ಪಾಡು: ಧರ್ಮದ ಭಾಷೆ ಮೊದಲು ಬಂತು, ಜನರದು ಬರಲೇ ಇಲ್ಲ.

ಇದು ನನಗೆ ಚಿಕ್ಕ ಕೊರತೆ ಅನ್ನಿಸುವುದಿಲ್ಲ. ‘ಪ್ಲೋಯ್ ವಾಂಗ್’ ನೋಡಿ. ಕಾಡಿನಲ್ಲಿ ಸಾಧನೆ ಮಾಡುವ ಭಿಕ್ಖುಗಳ ಅರಣ್ಯ ಪರಂಪರೆಯಲ್ಲಿ ಗುರುಗಳ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು. ವೈರಾಗ್ಯ ಎಂದು ಬರೆದುಕೊಂಡರೆ ತಪ್ಪಾಗದು, ಆದರೆ ಕೈಗೆ ಏನೂ ಸಿಗುವುದಿಲ್ಲ. ಪ್ಲೋಯ್ ಅಂದರೆ ಪಂಜರದ ಹಕ್ಕಿಯನ್ನು ಬಿಡುವುದು, ವಾಂಗ್ ಅಂದರೆ ಹೊತ್ತದ್ದನ್ನು ಕೆಳಗಿಡುವುದು. ಉಬೋನ್ ಸೀಮೆಯಲ್ಲಿ 1954ರಲ್ಲಿ ವಾಟ್ ನೊಂಗ್ ಪಾ ಪೊಂಗ್ ಸ್ಥಾಪಿಸಿದ ಆಜಾನ್ ಛಾ ಅವರೆದುರು ಕೂತ ರೈತರಿಗೆ ಹೊರೆ ಇಳಿಸುವುದು ಭುಜಕ್ಕೇ ಗೊತ್ತಿತ್ತು. ಹೆಸರು ಬಿಡುವ ವಿಷಯವೂ ಹೀಗೇ ಇರಬೇಕು; ಎತ್ತಿಕೊಳ್ಳದೆ ಇಳಿಸುವುದೇನನ್ನು? ಹಾಗಾಗಿ ಹೊಸಬರು ಪ್ರವಚನಕ್ಕೆ ಓಡುವ ಮುಂಚೆ ಅಡುಗೆಮನೆಯಲ್ಲಿ ಪಾತ್ರೆ ಎಲ್ಲಿಡಲಿ ಎಂದು ಕೇಳುವುದು ವಾಸಿ. ‘ವಾಂಗ್ ಥೀ ನೀ’, ಇಲ್ಲಿಡು, ಎನ್ನುತ್ತಾರೆ.