ಅಲಾಭದಲ್ಲಿ ಸಮಭಾವ: ಹರಾಜು ಮುಗಿದ ಮೇಲಿನ ಮಾತುಕತೆಯೂ ಶ್ರಾವಕನ ಸತ್ಯಾಣುವ್ರತವೂ



ಉಪವಾಸದ ದಿನ ನಾಲಗೆಯು ಅನ್ನವನ್ನು ತ್ಯಜಿಸಿರುತ್ತದೆ. ಅದೇ ನಾಲಗೆಯು ಅಂದು ವ್ಯಾಪಾರದಲ್ಲಿ ಅಸತ್ಯವನ್ನು ನುಡಿದರೆ, ಆ ಉಪವಾಸದಿಂದ ಶರೀರವು ಬಳಲಿತೇ ಹೊರತು ಕರ್ಮವು ನಿರ್ಜರೆಯಾಗಲಿಲ್ಲ. ಅಣುವ್ರತಗಳನ್ನು ನಾವು ಸ್ವೀಕರಿಸುವುದು ಬಸದಿಯಲ್ಲಿ. ಅವುಗಳ ಪರೀಕ್ಷೆ ನಡೆಯುವುದು ಕೊಡುಕೊಳ್ಳುವ ಸ್ಥಳದಲ್ಲಿ. ಅಂತಹ ಒಂದು ಸ್ಥಳವನ್ನು ಕುರಿತು ಇಲ್ಲಿ ವಿಚಾರ ಮಾಡೋಣ.

ಮನೆಯ ಹಳೆಯ ವಸ್ತುಗಳನ್ನು ಅಂತರ್ಜಾಲದ ಹರಾಜಿನಲ್ಲಿ ಮಾರುವ ಪದ್ಧತಿಯು, 1995ರಲ್ಲಿ ಅಮೆರಿಕದಲ್ಲಿ ಆರಂಭಗೊಂಡು ಮುಂದೆ ಈಬೇ ಎಂದು ಹೆಸರಾದ ತಾಣದಿಂದ ಲೋಕದಲ್ಲಿ ಹರಡಿತು. ಮಾರುವವನು ವಸ್ತುವಿನ ಚಿತ್ರವನ್ನೂ ವಿವರವನ್ನೂ ಪ್ರಕಟಿಸಿ ದಿನಗಳ ಅವಧಿಯನ್ನು ಗೊತ್ತುಮಾಡುತ್ತಾನೆ. ಇದಕ್ಕಿಂತ ಕಡಿಮೆಗೆ ಕೊಡಲಾರೆನೆಂಬ ಒಂದು ಬೆಲೆಯನ್ನು ಕೂಗುವವರಿಗೆ ಕಾಣದಂತೆ ಕಾಯ್ದಿರಿಸಲೂಬಹುದು. ಕೂಗು ಆ ಬೆಲೆಯನ್ನು ಮುಟ್ಟದೆ ಅವಧಿ ಮುಗಿದರೆ ವಸ್ತು ಮಾರಾಟವಾಗದೆ ಉಳಿಯುತ್ತದೆ. ಆಗ ಕೂಗಿದವರಲ್ಲಿ ಒಬ್ಬನು, "ನನಗೆ ಅದು ಬೇಕಾಗಿದೆ, ಏನು ಬೆಲೆಗೆ ಕೊಡುವಿರಿ?" ಎಂದು ಬರೆಯುತ್ತಾನೆ.

ಉದಾಹರಣೆಗೆ, ಒಬ್ಬ ಗೃಹಸ್ಥನು ತೇಗದ ತೂಗುಮಂಚಕ್ಕೆ 60,000 ರೂಪಾಯಿಯನ್ನು ಕಾಯ್ದಿರಿಸಿದನೆನ್ನೋಣ. ಕೂಗು 48,000ಕ್ಕೆ ನಿಂತಿತು. ಆಮೇಲೆ ಒಬ್ಬನು 50,000 ಕೊಡುವೆನೆಂದನು. ಹರಾಜು ಹತ್ತು ಮಂದಿಯ ಕಣ್ಣೆದುರು ನಡೆದಿತ್ತು. ಈಗಿನ ಮಾತುಕತೆ ಇಬ್ಬರ ನಡುವಿನದು. ಸಾಕ್ಷಿಯಿಲ್ಲದ ಈ ಸ್ಥಳದಲ್ಲಿಯೇ ಸತ್ಯಾಣುವ್ರತದ ನಿಜವಾದ ಪರೀಕ್ಷೆ.

ಮೊದಲು ಲೋಕನ್ಯಾಯವನ್ನು ತಿಳಿಯಬೇಕು. ನಮ್ಮ ದೇಶದ ಸರಕು ಮಾರಾಟ ಅಧಿನಿಯಮ, 1930ರ 64ನೆಯ ಪ್ರಕರಣದಂತೆ, ಹರಾಜುಗಾರನು ಸುತ್ತಿಗೆಯ ಪೆಟ್ಟಿನಿಂದಲೋ ರೂಢಿಯ ಬೇರೆ ಕ್ರಮದಿಂದಲೋ ಮುಕ್ತಾಯವನ್ನು ಸಾರಿದಾಗ ಮಾರಾಟ ಪೂರ್ಣವಾಗುತ್ತದೆ. ಅದಕ್ಕೆ ಮುಂಚೆ ಕೂಗಿದವನು ತನ್ನ ಕೂಗನ್ನು ಹಿಂತೆಗೆದುಕೊಳ್ಳಬಹುದು. ಮಾರಾಟವೇ ಆಗದಿದ್ದ ಮೇಲೆ ಯಾರಿಗೂ ಬಂಧನವಿಲ್ಲ. "ನೀವು ಅಂದು ಇಷ್ಟು ಕೂಗಿದ್ದಿರಲ್ಲ" ಎಂದು ಗಿರಾಕಿಯನ್ನು ಕಟ್ಟಿಹಾಕುವುದು ಸಲ್ಲದು. ಮಾರುವವನೂ ಆ ಬೆಲೆಗೆ ಬದ್ಧನಲ್ಲ. ಎರಡು ಕಡೆಯವರೂ ಹೊಸದಾಗಿ ಮಾತನಾಡುತ್ತಿದ್ದಾರೆಂಬುದನ್ನು ನೆನಪಿನಲ್ಲಿಡಬೇಕು.

ಇನ್ನು ಧರ್ಮನ್ಯಾಯ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೂ ಅಚೌರ್ಯಾಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಹಲವು ಈ ಮಾತುಕತೆಗೆ ನೇರವಾಗಿ ಅನ್ವಯಿಸುತ್ತವೆ.

"ಬೇರೊಬ್ಬರು 58,000 ಕೊಡುತ್ತೇನೆಂದಿದ್ದಾರೆ" ಎಂದು ಇಲ್ಲದ ಗಿರಾಕಿಯನ್ನು ಸೃಷ್ಟಿಸುವುದು ಅತಿಚಾರವೂ ಅಲ್ಲ, ಅದು ವ್ರತಭಂಗವೇ. ಹರಾಜಿನ ಕಾಲದಲ್ಲಿ ಬೆಲೆ ಏರಿಸಲು ಬಂಧುಮಿತ್ರರಿಂದ ಹುಸಿ ಕೂಗು ಹಾಕಿಸುವುದು ಕೂಟಲೇಖಕ್ರಿಯೆಯ ಜಾತಿಯದು. ಹುಸಿ ಕೂಗಿನಿಂದ ಬೆಲೆ ಏರಿಸಿದರೆ ಕೊಂಡವನು ಮಾರಾಟವನ್ನು ರದ್ದುಪಡಿಸಬಹುದೆಂದು ಮೇಲಿನ ಅಧಿನಿಯಮವೂ ಹೇಳುತ್ತದೆ. ಒಬ್ಬ ಗಿರಾಕಿಯು ಗುಟ್ಟಾಗಿ ತಿಳಿಸಿದ ಬೆಲೆಯನ್ನು ಮತ್ತೊಬ್ಬನಿಗೆ ಹೊರಗೆಡಹಿ ಇಬ್ಬರನ್ನೂ ಹೋರಾಡಿಸುವುದು ರಹೋಭ್ಯಾಖ್ಯಾನ. ಮುಂಗಡವೂ ಒಂದು ಅರ್ಥದಲ್ಲಿ ನ್ಯಾಸವೇ. ವ್ಯಾಪಾರ ಮುರಿದಾಗ ಕೊಟ್ಟ ಮಾತಿನಂತೆ ಅದನ್ನು ಹಿಂದಿರುಗಿಸದೆ ನುಂಗಿದರೆ ಅದು ನ್ಯಾಸಾಪಹಾರ.

ಹಲಸಿನ ಹಲಗೆಗೆ ಬಣ್ಣ ಬಳಿದು ತೇಗವೆನ್ನುವುದು ಪ್ರತಿರೂಪಕ ವ್ಯವಹಾರ. ಐದೂಮುಕ್ಕಾಲು ಅಡಿಯ ಹಲಗೆಯನ್ನು ಆರಡಿಯೆಂದು ಬರೆಯುವುದು ಹೀನಾಧಿಕ ಮಾನೋನ್ಮಾನ. ಒಂದು ಮೂಲೆಯಲ್ಲಿ ಗೆದ್ದಲು ತಿಂದ ಗುರುತಿದ್ದರೆ ಕೇಳುವ ಮೊದಲೇ ಹೇಳಬೇಕು. ಮೌನವೂ ಕೆಲವೊಮ್ಮೆ ಅಸತ್ಯದ ವಾಹನವಾಗುತ್ತದೆ.

ತಾಣದಲ್ಲಿ ಪರಿಚಯವಾದ ಗಿರಾಕಿಗೆ ತಾಣದ ಹೊರಗೆ ಗುಟ್ಟಾಗಿ ಮಾರಿ ಅದರ ಶುಲ್ಕವನ್ನು ಉಳಿಸುವ ಆಸೆ ಸಹಜವಾಗಿ ಹುಟ್ಟುತ್ತದೆ. ಈಬೇಯಂತಹ ತಾಣಗಳ ನಿಯಮ ಇದನ್ನು ನಿಷೇಧಿಸುತ್ತದೆ. ನಿಯಮವನ್ನೊಪ್ಪಿ ಒಳಗೆ ಬಂದವನು ಶುಲ್ಕವನ್ನು ತಪ್ಪಿಸಿದರೆ ಅದು ಅದತ್ತಾದಾನ, ಎಂದರೆ ಕೊಡದುದನ್ನು ತೆಗೆದುಕೊಂಡಂತೆ. ಮೇಲಾಗಿ, ಕಾಯ್ದಿರಿಸಿದ ಬೆಲೆ ಮುಟ್ಟದಿದ್ದಾಗ ಕೂಗಿದವರಿಗೆ ಮರು ಅವಕಾಶ ನೀಡುವ ಮಾರ್ಗವನ್ನು ಆ ತಾಣವೇ ಇಟ್ಟಿದೆ. ನೇರ ದಾರಿಯಿರುವಾಗ ಕಳ್ಳದಾರಿಯೇಕೆ?

ಇನ್ನೊಂದು ಎಚ್ಚರಿಕೆ ನಮ್ಮ ಮನೆತನಗಳಿಗೆ ವಿಶೇಷವಾಗಿ ಸಲ್ಲುತ್ತದೆ. ಹಿರಿಯರು ಬಿಟ್ಟುಹೋದ ಕಂಚಿನ ಜಿನಬಿಂಬ, ತಾಡವೋಲೆಯ ಗ್ರಂಥ ನಮ್ಮಲ್ಲಿ ಹಲವರ ಮನೆಯಲ್ಲಿವೆ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಅಧಿನಿಯಮದಂತೆ ನೂರು ವರ್ಷ ಕಳೆದ ವಿಗ್ರಹವೂ, ಎಪ್ಪತ್ತೈದು ವರ್ಷ ಕಳೆದ ಮಹತ್ತ್ವದ ಹಸ್ತಪ್ರತಿಯೂ ಪುರಾತನ ವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ದೂರದ ಶ್ರೀಮಂತನೊಬ್ಬನು ಗುಟ್ಟಾಗಿ ಹೆಚ್ಚಿನ ಬೆಲೆಯ ಆಸೆ ತೋರಿದರೆ ಅಲ್ಲಿ ಮಾತುಕತೆಗೆ ಎಡೆಯೇ ಇಲ್ಲ. ಅದು ವಿರುದ್ಧರಾಜ್ಯಾತಿಕ್ರಮ. ಪೂಜಿಸಿದ ಬಿಂಬಕ್ಕೆ ಬೆಲೆ ಕಟ್ಟುವ ಪಾಪವನ್ನು ಬೇರೆ ಹೇಳಬೇಕಾಗಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತಕ್ಕೆ ದೃಷ್ಟಾಂತವಾಗಿ ಹೆಸರಿಸಿದವನು ಮುನಿಯಲ್ಲ, ರಾಜನೂ ಅಲ್ಲ, ಧನದೇವನೆಂಬ ವ್ಯಾಪಾರಿ. ಅವನ ಕಥೆ ಹೀಗಿದೆ. ಪುಂಡರೀಕಿಣೀ ನಗರದ ಧನದೇವನೂ ಜಿನದೇವನೂ ಲಾಭವನ್ನು ಸಮವಾಗಿ ಹಂಚಿಕೊಳ್ಳುವುದೆಂದು ಸಾಕ್ಷಿಯಿಲ್ಲದೆ ಮಾತಾಡಿಕೊಂಡು ವ್ಯಾಪಾರಕ್ಕೆ ಹೋದರು. ಬಹಳ ದ್ರವ್ಯವನ್ನು ಗಳಿಸಿ ಹಿಂದಿರುಗಿದ ಮೇಲೆ ಜಿನದೇವನು, "ಅರ್ಧ ಕೊಡುವೆನೆಂದು ಹೇಳಿರಲಿಲ್ಲ, ಉಚಿತವಾದಷ್ಟನ್ನು ಕೊಡುವೆನೆಂದಿದ್ದೆ" ಎಂದು ಸ್ವಲ್ಪವನ್ನೇ ಕೊಡಹೋದನು. ಧನದೇವನು ಆಡಿದ ಮಾತನ್ನೇ ಆಡಿದನು. ವಿವಾದವು ರಾಜನವರೆಗೆ ಹೋಗಿ ದಿವ್ಯಪರೀಕ್ಷೆ ನಡೆಯಿತು; ಧನದೇವನು ಶುದ್ಧನೆನಿಸಿ ಸರ್ವ ದ್ರವ್ಯಕ್ಕೂ ಮಾನ್ಯತೆಗೂ ಪಾತ್ರನಾದನು. ಜಿನದೇವನು ನೆಚ್ಚಿದ್ದು ಸಾಕ್ಷಿಯಿಲ್ಲವೆಂಬ ಒಂದೇ ಬಲವನ್ನು. ಇಬ್ಬರೇ ಇರುವ ಮಾತುಕತೆಯಲ್ಲಿ ನಮ್ಮನ್ನು ಎಳೆಯುವುದೂ ಆ ಬಲವೇ.

ಹಾಗಾದರೆ ಶ್ರಾವಕನು ಹೇಗೆ ನಡೆಯಬೇಕು? ಉತ್ತರ ಬರೆಯುವ ಮೊದಲು ವಸ್ತುವೇಕೆ ಉಳಿಯಿತೆಂದು ಯೋಚಿಸಲಿ. ಬೆಲೆಯನ್ನು ಮಮತೆಯಿಂದ ಕಟ್ಟಿದೆನೋ, ವಿವರ ಸಾಲದಾಯಿತೋ, ಕೊಳ್ಳುವವರಿಲ್ಲದ ಕಾಲವೋ? ತರುವಾಯ ತನ್ನ ಕಡೆಯ ಬೆಲೆಯನ್ನು, 54,000 ಎಂದಿಟ್ಟುಕೊಳ್ಳೋಣ, ಮನಸ್ಸಿನಲ್ಲಿ ನಿಶ್ಚಯಿಸಿ ಬರೆದಿಟ್ಟುಕೊಳ್ಳಲಿ. ಅದನ್ನು ಗಿರಾಕಿಗೆ ಹೇಳಲೇಬೇಕೆಂಬ ನಿರ್ಬಂಧವಿಲ್ಲ. ತನ್ನ ಮಿತಿಯನ್ನು ಹೇಳದಿರುವುದು ಅಸತ್ಯವಲ್ಲ. 57,000 ಕೇಳಿ, ಮಾತಿನ ಮೇಲೆ ಇಳಿಯುವುದೂ ದೋಷವಲ್ಲ. ಆದರೆ ಇನ್ನೂ ಇಳಿಯಲು ಸಿದ್ಧನಿದ್ದು "ಇದೇ ಕೊನೆಯ ಮಾತು" ಎನ್ನಬಾರದು. ಸಾಗಣೆಯ ವೆಚ್ಚ ಯಾರದು, ಹಣ ಯಾವಾಗ ಸಲ್ಲಬೇಕು, ಎಷ್ಟು ದಿನ ಈ ಬೆಲೆ ನಿಲ್ಲುತ್ತದೆ ಎಂಬುದನ್ನು ಬರಹದಲ್ಲಿ ತಿಳಿಸಲಿ. ಮೂರು ದಿನದ ಅವಕಾಶ ಕೊಟ್ಟರೆ ಆ ಮೂರು ದಿನ ಹೆಚ್ಚು ಕೊಡುವವನು ಬಂದರೂ ಮಾತನ್ನು ಬದಲಿಸಬಾರದು. ಕೊಳ್ಳುವವನಿಗೂ ಧರ್ಮವುಂಟು. ಇಲ್ಲದ ದೋಷವನ್ನು ಎಣಿಸಿ ಬೆಲೆ ಇಳಿಸುವುದು, ಮಾರುವವನ ಸಂಕಟವನ್ನು ಕಂಡು ಕತ್ತು ಹಿಸುಕುವುದು ಶ್ರಾವಕನಿಗೆ ತಕ್ಕುದಲ್ಲ.

ಬೆಲೆ ಹೊಂದದಿದ್ದರೆ? ಆಗ ಆರು ಬಾಹ್ಯ ತಪಸ್ಸುಗಳಲ್ಲಿ ಮೂರನೆಯದಾದ ವೃತ್ತಿಪರಿಸಂಖ್ಯಾನವನ್ನು ಸ್ಮರಿಸಬೇಕು. ಮುನಿಗಳು ಮನಸ್ಸಿನಲ್ಲಿ ಒಂದು ನಿಯಮವನ್ನು ಧರಿಸಿ ಆಹಾರಕ್ಕೆ ಹೊರಡುತ್ತಾರೆ. ಅದು ಕೂಡಿಬಾರದಿದ್ದರೆ ಯಾರ ಮೇಲೂ ಕೋಪಿಸದೆ ಹಿಂದಿರುಗುತ್ತಾರೆ. ಇಪ್ಪತ್ತೆರಡು ಪರೀಷಹಗಳಲ್ಲಿ ಅಲಾಭವೂ ಒಂದು. ಆದಿ ತೀರ್ಥಂಕರ ವೃಷಭದೇವರು ಆರು ತಿಂಗಳ ಉಪವಾಸದ ನಂತರ ಚರ್ಯೆಗೆ ಹೊರಟಾಗ, ಆಹಾರದಾನದ ವಿಧಿಯನ್ನರಿಯದ ಜನರು ರತ್ನಗಳನ್ನೂ ವಾಹನಗಳನ್ನೂ ತಂದೊಪ್ಪಿಸಿದರು. ಅವು ಬಹುಮೂಲ್ಯವಾದರೂ ಯೋಗ್ಯವಲ್ಲವೆಂದು ಭಗವಂತರು ಮೌನದಿಂದ ಮುಂದೆ ಸಾಗಿದರು. ಬಹುಕಾಲದ ಮೇಲೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ರಸವನ್ನಿತ್ತನು. ಆ ದಿನವೇ ಅಕ್ಷಯ ತೃತೀಯಾ. ಮುನಿಚರ್ಯೆಗೂ ನಮ್ಮ ವ್ಯಾಪಾರಕ್ಕೂ ಸಾಟಿಯಿಲ್ಲ. ಆದರೂ ಪಾಠವೊಂದುಂಟು: ಸಲ್ಲದುದನ್ನು ಬಿಡುವಾಗ ಕಷಾಯವಿರಬಾರದು. ವಸ್ತು ಉಳಿದಾಗ ಕೆರಳುವುದು ಹೆಚ್ಚಾಗಿ ಲೋಭವಲ್ಲ, ಮಾನ. "ನನ್ನ ವಸ್ತುವಿಗೆ ಇಷ್ಟೇ ಬೆಲೆಯೇ?" ಎಂಬ ಆ ಮಾನವೇ ಬಿರುನುಡಿಯನ್ನು ಬರೆಸುತ್ತದೆ. "ನಿಮ್ಮ ಬೆಲೆ ನನಗೆ ಹೊಂದದು, ಕೇಳಿದ್ದಕ್ಕೆ ಸಂತೋಷ" ಎಂದು ಮುಗಿಸಿದರೆ ತೂಗುಮಂಚ ಮನೆಯಲ್ಲಿ ಉಳಿಯುತ್ತದೆ, ವ್ರತವೂ ಉಳಿಯುತ್ತದೆ.

ಆದುದರಿಂದ ಭವ್ಯರೇ, ಬರುವ ಅಷ್ಟಮಿ ಚತುರ್ದಶಿಗಳಂದು ಉಪವಾಸದೊಡನೆ ಒಂದು ನಿಯಮವನ್ನು ಸ್ವೀಕರಿಸಿರಿ: ಅಂದು ಕೊಡುವಾಗಲಾಗಲಿ ಕೊಳ್ಳುವಾಗಲಾಗಲಿ ಇಲ್ಲದ ಗಿರಾಕಿಯನ್ನು ಹೇಳೆನು, ಇರುವ ದೋಷವನ್ನು ಮುಚ್ಚೆನು, ಕೊಟ್ಟ ಮಾತನ್ನು ಹಿಂತೆಗೆಯೆನು. ಎರಡು ದಿನ ನಡೆದ ನಿಯಮವು ಕ್ರಮೇಣ ಎಲ್ಲ ದಿನಗಳಿಗೂ ಹರಡಲಿ. ಸರ್ವರಿಗೂ ಮಂಗಳವಾಗಲಿ. ಜಯತು ಜಿನಶಾಸನಂ.